ಕೂತ ಕಡೆಯೇ ಕೂತಿರು

"ಇನ್ನು ಸ್ವಲ್ಪ ಹೊತ್ತಿಗೆ ಸಿಡಿಮದ್ದು ಹಾಕುತ್ತೇವೆ" ಎಂದಳು ಕೊಲೊರಾಡೋದಿಂದ ಫೋನು ಮಾಡಿದ್ದ ರಕ್ಷಣಾ ತಂಡದ ಹೆಂಗಸು. "ಇಳಿಜಾರಿನ ಮೇಲೆ ಅರ್ಧ ಹಿಮ ಇನ್ನೂ ಜಾರದೆ ನಿಂತಿದೆ. ಅದನ್ನು ಬೀಳಿಸದೆ ನನ್ನ ಜನರನ್ನು ಅಲ್ಲಿಗೆ ಕಳಿಸಲಾರೆ."

ಟೆಕ್ಸಸ್ಸಿನ ಕೇಟಿ ಊರಿನ ಮನೆಯ ಗ್ಯಾರೇಜಿನಲ್ಲಿ ನಿಂತಿದ್ದ ಪ್ರದ್ಯುಮ್ನ ಕಿರುಚಿದ. "ಕೆಳಗೆ ನನ್ನ ಅಣ್ಣ ಇದ್ದಾನೆ! ಅವನ ಮೇಲೇ ಬೀಳಿಸುತ್ತೀರಾ?"

"ಹಿಮ ಕುಸಿದದ್ದು ನಿನ್ನೆ ಮಧ್ಯಾಹ್ನ, ಸರ್. ಹೆಲಿಕಾಪ್ಟರಿನಿಂದ ಕಂಡದ್ದು ಅವರ ಬೆನ್ನಚೀಲ ಮಾತ್ರ. ನೀವು ನಕ್ಷೆಯಲ್ಲಿ ನೋಡುತ್ತಿರುವ ಚುಕ್ಕೆ ಆ ಚೀಲದ ಟ್ರ್ಯಾಕರಿನದು." ಅವಳ ದನಿ ಮೆತ್ತಗಾಯಿತು. "ಈಗ ನಾವು ಹುಡುಕುತ್ತಿರುವುದು ದೇಹವನ್ನು."

ಅವನು ಬಾಯಿಗೆ ಬಂದಂತೆ ಬೈದ. ಅವಳು ಬೈಸಿಕೊಂಡು ಫೋನಿಟ್ಟಳು. ಬೈಯಬೇಕಾಗಿದ್ದುದು ಅವಳನ್ನಲ್ಲ. ನಿನ್ನೆ ಬೆಳಿಗ್ಗೆ ಅಣ್ಣ ಚೈತನ್ಯ, ಬೆಟ್ಟದ ಬುಡದಿಂದ ವಿಡಿಯೋ ಕಾಲ್ ಮಾಡಿದಾಗ, ಅವನ ಹಿಂದಿನ ಹಲಗೆಯ ಮೇಲೆ ಹಿಮಕುಸಿತದ ಅಪಾಯ ಐದಕ್ಕೆ ಮೂರು ಎಂದು ಬರೆದಿತ್ತು. "ಏನೋ ಅದು?" ಎಂದರೆ, "ಅರವತ್ತು ಪರ್ಸೆಂಟು, ಫಸ್ಟ್ ಕ್ಲಾಸ್ ಕಣೋ" ಎಂದಿದ್ದ. ಟೆಕ್ಸಸ್ಸಿನ ಚಪ್ಪಟೆ ನೆಲದಲ್ಲಿ ಕಾರು ಓಡಿಸಿಕೊಂಡಿದ್ದವನು ಬೆಟ್ಟಕ್ಕೆ ಮಾರ್ಕ್ಸು ಹಾಕಲು ಹೋಗಿದ್ದ. ಪ್ರದ್ಯುಮ್ನನೂ ನಕ್ಕಿದ್ದ.

ಒಳಗೆ ಅಮ್ಮ ನಾಗಮಣಿ ಐಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಕ್ಷೆಯ ನೀಲಿ ಚುಕ್ಕೆ ನಿನ್ನೆಯಿಂದ ಅಲುಗಿರಲಿಲ್ಲ.

"ಏನಂತೋ?"

"ಹುಡುಕ್ತಾರಂತೆ."

"ಸಿಗ್ತಾನೆ ಬಿಡು. ನಿನ್ನ ಹಾಗಲ್ಲ ಅವ್ನು. ಮೈಸೂರು ಎಕ್ಸಿಬಿಷನ್ನಲ್ಲಿ ಕೈ ತಪ್ಪಿಹೋದಾಗ ನೀನು ಅಳ್ತಾ ಊರೆಲ್ಲ ಸುತ್ತಿದ್ದೆ. ಚೈತು ಮಾತ್ರ ಅದೇ ಲೈಟ್ ಕಂಬದ ಕೆಳಗೆ ಕೂತಿದ್ದ. ಯಾರಾದ್ರೂ ಬಂದು ಕೈ ಹಿಡಿಯೋವರ್ಗೂ ಕೂತ ಕಡೆಯೇ ಕೂತಿರು ಅಂತ ಹೇಳ್ಕೊಟ್ಟಿದ್ದೆನಲ್ಲ." ಅವಳು ಚುಕ್ಕೆಯನ್ನು ಬೆರಳಿನಿಂದ ಸವರಿದಳು. "ನೋಡು, ಹೇಗೆ ಕೂತಿದಾನೆ ಜಾಣ."

ಅದು ಬರೀ ಚೀಲ ಕಣಮ್ಮ. ಹಾಗೆನ್ನುವ ಬದಲು ಅವನು ಐಪ್ಯಾಡಿಗೆ ಕೈ ಚಾಚಿದ. "ಕೊಡಿಲ್ಲಿ, ಚಾರ್ಜಿಗೆ ಹಾಕ್ತೀನಿ."

"ಇದೆ ಇನ್ನೂ. ಮುಟ್ಟಬೇಡ."

ಕಿಟಕಿಯಾಚೆ ಪಕ್ಕದ ಮನೆಯವನು ಬಿಸಿಲಲ್ಲಿ ಚಡ್ಡಿ ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಕಾರು ತೊಳೆಯುತ್ತಿದ್ದ. ಅವನನ್ನು ಹೋಗಿ ಹೊಡೆಯಬೇಕೆನ್ನಿಸಿತು. ಸಾವಿರ ಮೈಲಿ ದೂರದ ಸಿಡಿಮದ್ದು ಇಲ್ಲಿ ಯಾರಿಗೆ ಕೇಳಿಸೀತು?

"ಪ್ರದ್ಯೂ!" ಅಮ್ಮ ಚೀರಿದಳು.

ಚುಕ್ಕೆ ಜಾಗ ಬಿಟ್ಟು ಬೆಟ್ಟದ ಬುಡದ ಹತ್ತಿರಕ್ಕೆ ಬಂದಿತ್ತು.

"ಎದ್ದ ಕಣೋ! ಇಳೀತಿದಾನೆ ನೋಡು! ಯಾರೋ ಬಂದು ಕೈ ಹಿಡಿದಿದಾರೆ. ಇಲ್ದಿದ್ರೆ ನನ್ನ ಮಗ ಕೂತ ಕಡೆಯಿಂದ ಏಳೋನೇ ಅಲ್ಲ."