ಹೆಸರಿನ ಕಲ್ಲು

ನಾಡಿಗೆಲ್ಲ ಹೆಸರಾದ ಗವಾಯಿಗಳಿಗೆ ಆಗ ತೊಂಬತ್ತಾರು. ಅವರ ಮನೆಯ ಮುಂದಿನ ರಸ್ತೆಗೆ ಅವರದೇ ಹೆಸರಿಡಬೇಕೆಂದು ನಗರಸಭೆ ಸದಸ್ಯ ಫಕೀರಪ್ಪ ಹಟ ಹಿಡಿದಿದ್ದ. ಬದುಕಿರುವವರ ಹೆಸರನ್ನು ರಸ್ತೆಗೆ ಇಡುವಂತಿಲ್ಲವೆಂಬುದು ನಗರಸಭೆಯ ನಿಯಮ. ಅಷ್ಟರಲ್ಲಾಗಲೇ ಅವನು ಹೆಸರಿನ ಕಲ್ಲು ಕೆತ್ತಿಸಿ, ಗವಾಯಿಗಳ ಕಾಂಪೌಂಡಿಗೇ ಒರಗಿಸಿಟ್ಟಿದ್ದ.

ಅಂದಿನಿಂದ ಪ್ರತಿ ಸೋಮವಾರ ಮೋಸಂಬಿ ಹಿಡಿದು ಬರತೊಡಗಿದ.

"ಅಜ್ಜಾರ, ಆರಾಮ ಅದೀರೇನ್ರಿ?"

"ಆರಾಮ ಅದೀನಪಾ."

"ಕೆಮ್ಮು?"

"ಹೋತು ನೋಡು. ನಿನ್ನ ಮೋಸಂಬಿ ಭಾಳ ಚಲೋ ಅದಾವ."

ಫಕೀರಪ್ಪನ ಮುಖ ಸಪ್ಪಗಾಗುತ್ತಿತ್ತು. ಒಮ್ಮೆ ತಡೆಯಲಾರದೆ ಬಾಯಿಬಿಟ್ಟೇ ಹೇಳಿದ: "ಇಲೆಕ್ಷನ್ ಬಂತ್ರೀ ಅಜ್ಜಾರ. ಅಷ್ಟರಾಗ ಆಗಿದ್ರ ನನಗೂ ಅನುಕೂಲ ಆಗ್ತಿತ್ತು."

ಗವಾಯಿಗಳಿಗೆ ಅಯ್ಯೋ ಪಾಪ ಎನಿಸಿತು.

"ಆ ಕಲ್ಲಿನ ಸಲುವಾಗಿ ಇಷ್ಟ ಜೀವಾ ತೇಯಬ್ಯಾಡ. ನಿನ್ನ ಬಿಪಿ ನೋಡ್ಕೋ," ಎಂದರು.

ಗವಾಯಿಗಳಿಗೆ ನೂರು ತುಂಬಿದ ಮರುವಾರವೇ ರಸ್ತೆಗೆ ಹೆಸರಿಡುವ ಸಮಾರಂಭ ನಡೆಯಿತು. ಉದ್ಘಾಟನೆಗೆ ಹಿರಿಯರೇ ಬೇಕೆಂದು ನಗರಸಭೆಯವರು ಗವಾಯಿಗಳನ್ನು ಕುರ್ಚಿ ಸಮೇತ ರಸ್ತೆಯ ತುದಿಗೆ ಹೊತ್ತೊಯ್ದರು. ಅವರು ಪರದೆ ಸರಿಸಿದರು. ಅದೇ ಕಲ್ಲನ್ನು ತಿರುಗಿಸಿ ನಿಲ್ಲಿಸಿ, ಹಿಂಬದಿಗೆ ಕೆತ್ತಿದ್ದರು: 'ದಿವಂಗತ ಫಕೀರಪ್ಪ ಮಾರ್ಗ.'