ಸಾಲಿನಲ್ಲಿ ಮೊದಲಿಗರು

“ಅವಳಿಗೆ ಅರವತ್ತು ಜಿಬಿ, ನನಗೆ ನಾಲ್ಕಾ?” ನಿರ್ದೇಶಕರು ಪರದೆಯ ಮೇಲೆ ಬೆರಳಿಟ್ಟು ಕೇಳಿದರು.

ಮೇಲ್ವಿಚಾರಕಿ ಕೀಲಿಮಣೆಯಿಂದ ಕೈ ತೆಗೆದಳು. ಸಂಸ್ಥೆಯ ಕಂಪ್ಯೂಟರುಗಳಿಗೆಲ್ಲ ಕೆಲಸ ಹಂಚುವುದು ಶೆಡ್ಯೂಲರ್ ಎಂಬ ತಂತ್ರಾಂಶ. ಬಂದ ಕೆಲಸಗಳನ್ನು ಸಾಲಾಗಿ ನಿಲ್ಲಿಸಿ, ಜಾಗವಿದ್ದ ಯಂತ್ರಕ್ಕೆ ಒಂದೊಂದನ್ನೇ ಕಳಿಸುತ್ತದೆ. ನಿರ್ದೇಶಕರು ಪ್ರಾಯದಲ್ಲಿ ಬರೆದ ಪ್ರೋಗ್ರಾಂ ಮಾತ್ರ ಹೊಸ ಯಂತ್ರಗಳ ಮೇಲೆ ಏಳಲೊಲ್ಲದು. ಅದಕ್ಕೆಂದೇ ಹಳೆಯ ಕಾಲದ ಕಂಪ್ಯೂಟರಿನಂತೆ ನಟಿಸುವ ವರ್ಚುವಲ್ ಮಷೀನ್ ಒಂದನ್ನು ಮಾಡಿ, ಅದನ್ನು ಎಬ್ಬಿಸಿ ಮಲಗಿಸುವ ಡ್ರೈವರ್ ಎಂಬ ಕಿರು ತಂತ್ರಾಂಶವನ್ನು ಶೆಡ್ಯೂಲರಿಗೆ ಹೊಂದಿಸುವುದರಲ್ಲಿ ಅವಳ ಬೆಳಗೆಲ್ಲ ಕಳೆದಿತ್ತು. ಇನ್ನೇನು ಆಡಳಿತ ಮಂಡಳಿಯವರು ನೋಡಲು ಬರುವವರಿದ್ದರು.

“ಸರ್, ನಿಮ್ಮ ಪ್ರೋಗ್ರಾಂ ಹೊಟ್ಟೆಬಾಕ ಅಲ್ಲ. ನಾಲ್ಕು ಜಿಬಿ ಮೆಮೊರಿಲೂ ಅರ್ಧ ಮಿಗುತ್ತೆ.”

“ಬಂದವರ ಮುಂದೆ ನನ್ನ ಮಾನ ಮಿಗಬೇಕಲ್ಲ! ಅದಲು ಬದಲು ಮಾಡಿ. ಅರವತ್ತು ನನಗೆ, ನಾಲ್ಕು ಅವಳಿಗೆ.”

ಮೂಲೆಯಲ್ಲಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿಯ ಮುಖ ಬಾಡಿತು. ಅವಳ ಸೇತುವೆಯ ಲೆಕ್ಕ ಸಂಜೆಯೊಳಗೆ ಮುಗಿಯದಿದ್ದರೆ ಪ್ರಬಂಧ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ನಾಲ್ಕರಲ್ಲಿ ಆ ಸೇತುವೆಯ ಒಂದು ಕಂಬವೂ ನಿಲ್ಲುತ್ತಿರಲಿಲ್ಲ. ಬೆಳಗಿನಿಂದ ಅವಳು ಒಂದು ತುತ್ತೂ ತಿಂದಿಲ್ಲವೆಂದು ಮೇಲ್ವಿಚಾರಕಿಗೆ ಗೊತ್ತಿತ್ತು. ತನ್ನ ಡಬ್ಬಿಯನ್ನು ಮೆಲ್ಲಗೆ ಅವಳ ಕಡೆ ಸರಿಸಿದಳು.

“ಅರವತ್ತು ಅಂದ್ರೆ ವಿದ್ಯಾರ್ಥಿಗಳ ಅಳತೆ ಸರ್,” ಎಂದಳು ಮೇಲ್ವಿಚಾರಕಿ, ಪರದೆಯಿಂದ ಕಣ್ಣು ತೆಗೆಯದೆ.

ನಿರ್ದೇಶಕರು ಒಂದು ಗಳಿಗೆ ಯೋಚಿಸಿದರು. “ಹೌದಲ್ಲ! ಹಾಗಾದ್ರೆ ಸಾವಿರ ಹಾಕಿ.”

“ಅಷ್ಟು ನಮ್ಮ ಯಾವ ಯಂತ್ರದಲ್ಲೂ ಇಲ್ಲ ಸರ್.”

“ಇಲ್ಲ ಅನ್ನೋ ಮಾತು ನನ್ನ ಹತ್ರ ಬೇಡ.”

“ಜಾಗ ಸಿಗೋವರೆಗೂ ಕಾಯಬೇಕಾಗುತ್ತೆ ಸರ್. ಈಗಲೇ ಹೇಳಿದೀನಿ.”

“ಕಾಯೋಣ. ಆದ್ರೆ ಮೊದಲನೇ ಸ್ಥಾನದಲ್ಲಿ ಕಾಯೋಣ!”

ಅವಳು ಸಾವಿರ ಎಂದು ಬರೆದು, ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ ಕೊಟ್ಟು, ಗುಂಡಿ ಒತ್ತಿದಳು. ಗೋಡೆಯ ದೊಡ್ಡ ಪರದೆಯಲ್ಲಿ ನಿರ್ದೇಶಕರ ಹೆಸರು ಸಾಲಿನ ಮೇಲ್ತುದಿಗೆ ಹೋಗಿ ಕೂತಿತು. ಶೆಡ್ಯೂಲರ್ ಎಲ್ಲ ಯಂತ್ರಗಳನ್ನೂ ತಡವಿ ನೋಡಿತು. ಸಾವಿರಕ್ಕೆ ಎಲ್ಲೂ ಜಾಗ ಕಾಣದೆ, ಆ ಹೆಸರನ್ನು ಕೂತಲ್ಲೇ ಬಿಟ್ಟು, ಕೆಳಗಿದ್ದ ಸೇತುವೆಯ ಲೆಕ್ಕವನ್ನು ಕರೆದುಕೊಂಡು ಹೋಯಿತು.

ಆಡಳಿತ ಮಂಡಳಿಯವರು ಬಂದರು. ಅಧ್ಯಕ್ಷರು ಕನ್ನಡಕ ಏರಿಸಿ, “ಓಹೋ, ಎಲ್ಲರಿಗಿಂತ ಮೇಲೆ ನೀವೇ!” ಎಂದರು. ಚಪ್ಪಾಳೆ ಬಿತ್ತು. ಸಂತೋಷದಲ್ಲಿ ನಿರ್ದೇಶಕರಿಗೆ ಮೂಲೆಯ ಹುಡುಗಿಯೂ ಕಣ್ಣಿಗೆ ಬಿದ್ದಳು. “ಅಯ್ಯೋ, ಎಷ್ಟು ಹೊತ್ತಿಂದ ನಿಂತಿದೀಯಮ್ಮ,” ಎಂದು ತಮ್ಮ ಕುರ್ಚಿಯನ್ನೇ ಅವಳತ್ತ ತಳ್ಳಿದರು.

ಸಂಜೆ ಲೆಕ್ಕ ಮುಗಿಯಿತು. ಸೇತುವೆ ಕಾಗದದ ಮೇಲಂತೂ ನಿಂತಿತು. ಹುಡುಗಿ ಇಬ್ಬರಿಗೂ ಕೈಮುಗಿದು, ತೊಳೆದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಓಡಿದಳು.

“ಪಾಪ, ಚಿಕ್ಕ ಕೆಲಸ. ಬೇಗ ಮುಗೀತು,” ಎಂದರು ನಿರ್ದೇಶಕರು ಅಕ್ಕರೆಯಿಂದ. ಆಮೇಲೆ ಪರದೆಯತ್ತ ನೋಡಿ, “ನನ್ನದು ಇನ್ನೂ ಶುರುವಾಗಿಲ್ವಾ?”

ಮೇಲ್ವಿಚಾರಕಿಗೆ ಅವರ ಮೇಲೂ ಮರುಕ ಹುಟ್ಟಿತು. “ಈಗಲೂ ನಾಲ್ಕು ಅಂತ ತಿದ್ದಿದ್ರೆ ಈ ಕ್ಷಣ ಓಡುತ್ತೆ ಸರ್. ಮುಗಿದ ಮೇಲೆ ಹೆಸರು ಸಾಲಿನಿಂದ ಹೋಗುತ್ತೆ, ಅಷ್ಟೇ.”

“ಹೋಗುತ್ತಾ?” ನಿರ್ದೇಶಕರು ಗಾಬರಿಯಾದರು. “ಬೇಡ ಬೇಡ. ಇದ್ದ ಹಾಗೇ ಇರಲಿ.”

ಅವಳು ದೀಪ ಆರಿಸಿ ಬಾಗಿಲೆಳೆದುಕೊಂಡಳು. ಕೆಲಸವಿಲ್ಲದೆ ಎಲ್ಲ ಯಂತ್ರಗಳೂ ಸುಮ್ಮನಿದ್ದವು. ಕತ್ತಲಲ್ಲಿ ಗೋಡೆಯ ಪರದೆಯೊಂದೇ ಬೆಳಗುತ್ತಿತ್ತು. ಅದರ ಮೇಲೆ, ಹಿಂದೆ ಯಾರೂ ಇಲ್ಲದ ಸಾಲಿನಲ್ಲಿ, ನಿರ್ದೇಶಕರು ಎಲ್ಲರಿಗಿಂತ ಮುಂದಿದ್ದರು.