ಉಕ್ಕುವೀರನ ರೈನ್‌ಕೋಟು

“ಅದು ಹೊಸ ಸಂಚಿಕೆಯಾ?”

ಮಾತು ಜಾರಿದ ಮೇಲೆ ರಂಗನಾಯಕಿ ನಾಲಿಗೆ ಕಚ್ಚಿಕೊಂಡಳು. ಏನು ಕೇಳಿದರೂ ‘ಹೂಂ’ ಅನ್ನು, ನೀನಾಗಿ ಏನೂ ಕೇಳಬೇಡ ಅಂತ ಅವಳ ತಾಯಿ ಗೋದಮ್ಮ ಬೆಳಗಿನಿಂದ ಬುದ್ಧಿ ಹೇಳಿದ್ದರು. ಹೆಣ್ಣು ನೋಡಲು ಮಳವಳ್ಳಿಯಿಂದ ಬಂದಿದ್ದ ಬ್ಯಾಂಕ್ ಗುಮಾಸ್ತ ವರದರಾಜನನ್ನು ಹಿರಿಯರು ದೊಡ್ಡ ಮನಸ್ಸು ಮಾಡಿ ಅವಳ ಜೊತೆ ಐದು ನಿಮಿಷ ಹಿತ್ತಿಲ ಜಗಲಿಯಲ್ಲಿ ಕೂರಿಸಿದ್ದರು. ಅವನ ಚೀಲದಲ್ಲಿ, ದಿನಪತ್ರಿಕೆಯ ಮಡಿಕೆಯೊಳಗಿಂದ, ಚಿತ್ರಕಥೆ ಪುಸ್ತಕದ ರಟ್ಟಿನ ಮೇಲಿನ ಉಕ್ಕುವೀರನ ಹಸಿರು ಬೂಟು ಇಣುಕುತ್ತಿತ್ತು. ಮದ್ದೂರಿನ ಬಾಡಿಗೆ ಪುಸ್ತಕದಂಗಡಿಗೆ ಆ ಸಂಚಿಕೆ ಇನ್ನೂ ಬಂದಿರಲಿಲ್ಲ. ಅವಳಾದರೂ ಏನು ಮಾಡಿಯಾಳು, ಪಾಪ!

ವರದರಾಜನ ಕಿವಿ ಕೆಂಪಾಯಿತು. “ಬಸ್ಸಲ್ಲಿ ಓದೋಕೆ ಅಂತ... ನೀವೂ ಓದ್ತೀರಾ?”

“ಓದ್ತೀನಿ. ಆದ್ರೆ ನಾನು ನೆರಳುರಾಯನ ಕಡೆ.”

“ನೆರಳುರಾಯನಾ! ಮುಖಕ್ಕೊಂದು ಬಟ್ಟೆ, ಕೈಗೊಂದು ಹಗ್ಗ, ಅಷ್ಟೇ ತಾನೆ ಅವನು? ಉಕ್ಕುವೀರ ರೈಲನ್ನೇ ಎತ್ತಿ ಪಕ್ಕಕ್ಕಿಡ್ತಾನೆ. ಇಬ್ಬರಿಗೂ ಜಗಳ ಬಿದ್ರೆ ನಿಮ್ಮೋನು ಒಂದು ನಿಮಿಷ ನಿಲ್ತಾನೇನ್ರೀ?”

“ನೀರು ಬಿದ್ರೆ ನಿಮ್ಮೋನಿಗೆ ತುಕ್ಕು ಹಿಡಿಯುತ್ತಲ್ಲ? ಎರಡನೇ ಸಂಚಿಕೇಲೇ ಹೇಳಿದಾರೆ. ಮುತ್ತತ್ತಿಗೆ ಕರ್ಕೊಂಡು ಹೋಗಿ ಕಾವೇರಿ ಮಡುವಿಗೆ ತಳ್ಳಿದ್ರೆ ಮುಗೀತು.”

“ತಳ್ಳಿಸ್ಕೊಳ್ಳೋಕೆ ಅವನೇನು ಬುತ್ತಿ ಕಟ್ಕೊಂಡು ಬರ್ತಾನಾ?”

“ಬರ್ತಾನೆ. ಬುದ್ಧಿ ಇಲ್ಲದೋರು, ಊಟ ಅಂದ್ರೆ ಎಲ್ಲಿಗೆ ಬೇಕಾದ್ರೂ ಬರ್ತಾರೆ!”

ಕಾಫಿ ಹಿಡಿದು ಹಿತ್ತಿಲಿಗೆ ಬಂದ ಗೋದಮ್ಮನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತೊಂದೇ. ಲೋಟವನ್ನು ಜಗಲಿಯ ಮೇಲೆ ಕುಕ್ಕಿದರು. ವರದರಾಜ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವನ ಅಪ್ಪ ಒಳಗಿನಿಂದ ಬಸ್ಸಿಗೆ ಹೊತ್ತಾಯಿತು ಎಂದು ಕೂಗಿದರು. ಅವನು ಕಾಫಿಯನ್ನೂ ಮುಟ್ಟದೆ ಎದ್ದು ಹೋದ.

“ಕೇಸರಿಬಾತು ಎರಡು ಸಲ ಹಾಕಿಸ್ಕೊಂಡಿದ್ದ ಕಣೇ ಆ ಹುಡುಗ! ಅವನ ಮುಖಕ್ಕೇ ಹಾಗಂದ್ಯಲ್ಲೇ, ಮಹರಾಯ್ತಿ!” ಎಂದು ಗೋದಮ್ಮ ಹಣೆ ಚಚ್ಚಿಕೊಂಡರು.

“ಅವರಿಗಲ್ಲಮ್ಮ ಅಂದಿದ್ದು, ಉಕ್ಕುವೀರನಿಗೆ.”

“ಯಾರೇ ಅವನು? ಯಾವ ಊರೋನು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದೆ ಬಂದಿದ್ದ ಎರಡು ಸಂಬಂಧಗಳೂ ಹೀಗೇ ತಪ್ಪಿದ್ದವು. ಹುಡುಗಿಯ ಬಾಯಿ ಜೋರು ಎಂದು ಅವರು ಜಾತಕ ವಾಪಸ್ಸು ಕಳಿಸಿದ್ದರು. ಆಗ ರಂಗನಾಯಕಿಗೆ ಒಂದಿಷ್ಟೂ ಬೇಸರವಾಗಿರಲಿಲ್ಲ. ಈ ಸಲ ಹಾಗಲ್ಲ. ಅವಳ ಮಾತಿಗೆ ನಗದೆ, ಗದರದೆ, ಸರಿಸಮ ನಿಂತು ವಾದ ಮಾಡಿದವನು ಇವನೊಬ್ಬನೇ. ಇವನು ಬೇಕು ಅನ್ನಿಸಿಬಿಟ್ಟಿತ್ತು ಅವಳಿಗೆ.

ಒಪ್ಪಿಗೆಯಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಕಾಗದ ಬರುತ್ತದೆ. ಇಲ್ಲವಾದರೆ ಜಾತಕ ಹಿಂದಕ್ಕೆ. ಒಂಬತ್ತು ದಿನ ಎರಡೂ ಬರಲಿಲ್ಲ. ರಂಗನಾಯಕಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಬೀದಿಯಲ್ಲಿ ಯಾವ ಸೈಕಲ್ಲಿನ ಗಂಟೆ ಕೇಳಿದರೂ ಬಾಗಿಲಿಗೆ ಓಡಿದಳು. ನೆರಳುರಾಯ ಸೋತಿದ್ದರೆ ಯಾರ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು. ಆದರೂ ಅವನು ಸೋಲುವ ದಾರಿ ಮಾತ್ರ ಅವಳಿಗೆ ಹೊಳೆಯಲಿಲ್ಲ!

ಹತ್ತನೆಯ ದಿನ ಅಂಚೆಯ ಅಂಕಯ್ಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ. “ಅಮ್ಮಾರೇ, ಮಳವಳ್ಳಿಯಿಂದ ಬಂದೈತೆ. ವಸಿ ದಪ್ಪಕ್ಕೇ ಐತೆ, ತಕಳಿ.”

ಕಂದು ಲಕೋಟೆ. ಮೂಲೆಗಳಲ್ಲಿ ಅರಿಶಿನದ ಸುಳಿವಿಲ್ಲ. ಜಾತಕವೇ ಸರಿ. ಗೋದಮ್ಮ ಒಡೆಯುವ ಧೈರ್ಯ ಮಾಡಲಿಲ್ಲ. ದೇವರ ಮುಂದಿಟ್ಟು, ಮೇಲೊಂದು ಚಿಟಿಕೆ ಕುಂಕುಮ ಹಾಕಿ, “ಇನ್ನು ನೀನೇ ನೋಡ್ಕೋಬೇಕಪ್ಪಾ” ಎಂದು ಅಡ್ಡಬಿದ್ದರು. ರಂಗನಾಯಕಿ ಹಿತ್ತಿಲಿಗೆ ಹೋಗಿ, ಅವನು ಕೂತಿದ್ದ ಜಗಲಿಯಲ್ಲೇ ಕೂತು ಅತ್ತಳು.

ಸಂಜೆ ಶಾಲೆಯಿಂದ ಬಂದ ಅವಳ ತಂದೆ ಯೋಗಾನರಸಿಂಹ ಮೇಷ್ಟರು ಲಕೋಟೆ ಹರಿದರು. ಒಳಗಿನಿಂದ ಹೊರಬಿದ್ದವನು ಹಸಿರು ಬೂಟಿನ ಉಕ್ಕುವೀರ!

“ಅಯ್ಯೋ ರಾಮ! ಇವನಿಗಾ ನಾನು ಅಡ್ಡಬಿದ್ದಿದ್ದು?” ಎಂದರು ಗೋದಮ್ಮ.

ಪುಸ್ತಕದೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿಯಿತ್ತು. ಮೇಷ್ಟರು ಕನ್ನಡಕ ಏರಿಸಿ ಪಾಠದಂತೆ ಓದಿದರು: “ಹದಿನೆಂಟನೆಯ ಪುಟ ನೋಡಿ. ಉಕ್ಕುವೀರ ಹೊಳೆಗೆ ಬಿದ್ದರೂ ಎದ್ದು ಬಂದಿದ್ದಾನೆ. ನಿಮ್ಮ ಮುತ್ತತ್ತಿಯ ವಾದ ಬಿದ್ದುಹೋಯಿತು. ಅಂದೇ ಹೇಳುತ್ತಿದ್ದೆ, ಬಸ್ಸಿಗೆ ಹೊತ್ತಾಗಿತ್ತು. ಜಾತಕ ಕೂಡಿದೆಯಂತೆ, ನಮ್ಮಲ್ಲಿ ಎಲ್ಲರಿಗೂ ಒಪ್ಪಿಗೆ. ಅಪ್ಪ ಒಳ್ಳೆಯ ದಿನ ನೋಡಿ ಅರಿಶಿನದ ಕಾಗದ ಹಾಕುತ್ತಾರೆ. ಅಲ್ಲಿಯವರೆಗೆ ನನಗೆ ತಡೆಯಲಾಗಲಿಲ್ಲ. ನಿಮ್ಮ ಒಪ್ಪಿಗೆ ತಿಳಿಸಿ.”

ಹಿತ್ತಿಲಿಂದ ಓಡಿಬಂದ ರಂಗನಾಯಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪುಸ್ತಕ ಕಿತ್ತುಕೊಂಡಳು. ಹದಿನೆಂಟನೆಯ ಪುಟ ತೆಗೆದವಳೇ ಕೂಗಿದಳು: “ರೈನ್‌ಕೋಟು! ರೈನ್‌ಕೋಟು ಹಾಕ್ಕೊಂಡು ಬಿದ್ದಿದಾನೆ ನೋಡಿಪ್ಪಾ! ಶುದ್ಧ ಮೋಸ ಇದು!”

ಮೇಷ್ಟರು ನಗುತ್ತ ಒಂದು ಕಾರ್ಡು ತೆಗೆದು, ಒಪ್ಪಿಗೆ ಎಂದು ಒಂದು ಸಾಲು ಬರೆದು, ಪೆನ್ನನ್ನು ಮಗಳ ಕೈಗೆ ಕೊಟ್ಟರು. ಗೋದಮ್ಮ ಅರಿಶಿನದ ಬಟ್ಟಲು ಹಿಡಿದು ಬಂದರು.

“ಮೂಲೇಲಿ ಸಣ್ಣಗೆ ಹಚ್ಚಮ್ಮ,” ಎಂದಳು ರಂಗನಾಯಕಿ. “ನಂಗೆ ಬರೆಯೋಕೆ ಜಾಗ ಸಾಲಲ್ಲ.”